ಬಲಗಡೆಯ ಕೊಂಬು

ನಮ್ಮ ಕಾಲೇಜಿನ ಹುಡುಗರು ಚನ್ನವೀರಮ್ಮ ಮೇಡಮ್ಮರಿಗೆ ಇಟ್ಟಿದ್ದ ಹೆಸರು ಧೂಳಮ್ಮ. ಅದಿರು ಲಾರಿಗಳ ಕೆಂಧೂಳು ಕುಡಿದೇ ಬದುಕುವ ಬಳ್ಳಾರಿಗೆ ಹೊರಗಿಂದ ಇನ್ನಷ್ಟು ಧೂಳು ತರಿಸಿಕೊಂಡು, ಗಾಜಿಗೆ ಹಚ್ಚಿ ದಿನಗಟ್ಟಲೆ ಮೈಕ್ರೋಸ್ಕೋಪಿನಲ್ಲಿ ನೋಡುವ ಹೆಂಗಸಿಗೆ ಇನ್ನೇನನ್ನಬೇಕು? ಮೊದಲು ನಾನೂ ನಕ್ಕವನೇ. ನಾನು ಕೊಟ್ಟೂರಪ್ಪ, ಭೂವಿಜ್ಞಾನ ವಿಭಾಗದ ಅಟೆಂಡರ್. ಹದಿನೆಂಟು ವರ್ಷ ಅವರ ಗಾಜಿನ ಪಾತ್ರೆ ತೊಳೆದಿದ್ದೇನೆ.

ಅವರ ಊರು ಸಿರುಗುಪ್ಪ. ಅಪ್ಪ ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಮದುವೆ ಯಾಕೆ ಆಗಲಿಲ್ಲ ಅಂದರೆ "ಪುರುಸೊತ್ತು ಸಿಗಲಿಲ್ರಿ" ಅನ್ನುತ್ತಿದ್ದರು. ಕಂಟೋನ್ಮೆಂಟಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಲ್ಲಿಂದ ಕಾಲೇಜು, ಕಾಲೇಜಿನಿಂದ ಮನೆ, ಅಷ್ಟೇ ಅವರ ಪ್ರಪಂಚ.

ಅವರು ನೋಡುತ್ತಿದ್ದದ್ದು ಸಮುದ್ರದ ಒಂದು ಜೀವಿಯ ಚಿಪ್ಪನ್ನು. ಬರಿಗಣ್ಣಿಗೆ ಕಾಣದ ಜೀವಿ. ಕಾಲ ಕೆಟ್ಟಾಗ ಅದು ತನ್ನ ಸುತ್ತ ಗಟ್ಟಿ ಚಿಪ್ಪು ಕಟ್ಟಿಕೊಂಡು ತಳದ ಕೆಸರಿನಲ್ಲಿ ಮಲಗುತ್ತದೆ. ಒಳ್ಳೆಯ ಕಾಲ ಬಂದರೆ ಚಿಪ್ಪಿಗೊಂದು ಕಿಂಡಿ ತೆರೆದು ಹೊರಟುಹೋಗುತ್ತದೆ. ಖಾಲಿ ಚಿಪ್ಪು ಮಾತ್ರ ಕಲ್ಲಿನೊಳಗೆ ಕೋಟಿಗಟ್ಟಲೆ ವರ್ಷ ಉಳಿಯುತ್ತದೆ. ಆಂಧ್ರದ ಕರಾವಳಿಯ ಒಂದು ಕೊಳವೆಬಾವಿಯಿಂದ ತೆಗೆದ ಕಲ್ಲನ್ನು ಮೇಡಮ್ ಆಸಿಡ್‌ನಲ್ಲಿ ಕರಗಿಸಿ, ಉಳಿದ ಕಪ್ಪು ಪುಡಿಯಲ್ಲಿ ಈ ಚಿಪ್ಪುಗಳನ್ನು ಹುಡುಕುತ್ತಿದ್ದರು. ಕಿಂಡಿ ಎಲ್ಲಿದೆ, ಕೊಂಬು ಎಷ್ಟು, ಮುಳ್ಳು ಹೇಗಿವೆ ಎಂದು ಬರೆದು, ಜಾತಿ ಬೇರೆ ಮಾಡುತ್ತಿದ್ದರು.

ನನ್ನನ್ನೂ ಕೂರಿಸಿ ನೋಡಲು ಕಲಿಸಿದರು. ನಾನು ಅವಸರಪಟ್ಟು ಹೆಸರು ಹೇಳಿದರೆ ರೇಗುತ್ತಿದ್ದರು. "ನಮ್ಮ ಮಂದಿ ಮೊದಲು ಜಾತಿ ಕೇಳಿ ಆಮ್ಯಾಲೆ ಮುಖ ನೋಡ್ತಾರ. ಇಲ್ಲಿ ಹಂಗ ನಡಿಯಂಗಿಲ್ಲ. ಮೊದಲು ನೋಡು, ಕಂಡದ್ದು ಹೇಳು. ಹೆಸರು ಕಡೀಗೆ."

ಎರಡು ವರ್ಷದ ಹಿಂದೆ ಅವರಿಗೆ ಯಾವ ಗ್ರಂಥದಲ್ಲೂ ಇಲ್ಲದ ಒಂದು ಚಿಪ್ಪು ಸಿಕ್ಕಿತು. ಹನ್ನೊಂದು ವರ್ಷ ಹುಡುಕಿದ್ದಕ್ಕೆ ಒಂದೇ ಒಂದು. ಅದರ ಚಿತ್ರ ಬರೆದರು, ಒಂದು ವಿಜ್ಞಾನ ಪತ್ರಿಕೆಗೆ ಲೇಖನ ಕಳಿಸಿದರು. ಪತ್ರಿಕೆಯವರು ಒಪ್ಪಿದರು, ಆದರೆ ಒಂದು ಷರತ್ತು: ಚಿಪ್ಪಿನ ಫೋಟೊ ಬೇಕು, ಅದು ಕೂತಿರುವ ಗಾಜಿನ ಪಟ್ಟಿಯನ್ನು, ಅಂದರೆ ಸ್ಲೈಡನ್ನು, ಒಂದು ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಮೂಲ ಚಿಪ್ಪು ಯಾರು ಬಂದು ಕೇಳಿದರೂ ತೋರಿಸುವಂತಿರಬೇಕು, ಇಲ್ಲವಾದರೆ ಹೊಸ ಜಾತಿಯೇ ಇಲ್ಲ. ನಮ್ಮ ಕಾಲೇಜಿನಲ್ಲಿ ಅಂಥ ಕ್ಯಾಮೆರಾ ಎಲ್ಲಿಂದ ಬರಬೇಕು? ಹೈದರಾಬಾದಿಗೆ ಒಯ್ಯುವುದೆಂದಾಯಿತು. ಅಷ್ಟರಲ್ಲಿ ಅವರ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಆಪರೇಷನ್ನಿಗೆ ಹೋಗುವಾಗ ಸ್ಲೈಡಿನ ಡಬ್ಬಿ ನನ್ನ ಕೈಗೆ ಕೊಟ್ಟು, "ಮಲಗಿಸಿ ಇಡಪಾ" ಅಂದರು.

ಸ್ಲೈಡಿನಲ್ಲಿ ಚಿಪ್ಪು ಕೂತಿರುವುದು ಒಂದು ಬಗೆಯ ಅಂಟಿನಲ್ಲಿ. ಸೆಕೆ ಹೆಚ್ಚಾದರೆ ಅದು ತುಪ್ಪದ ಹಾಗೆ ಕರಗುತ್ತದೆ. ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮೇ ತಿಂಗಳಲ್ಲಿ ಕಾಲೇಜಿಗೆ ಸುಣ್ಣ ಬಳಿಯಲು ಬಂದರು, ಬೀರು ಖಾಲಿ ಮಾಡಿ ಅಂದರು. ಎಲ್ಲವನ್ನೂ ತಗಡಿನ ಕೋಣೆಗೆ ಸಾಗಿಸುವಾಗ, ಜಾಗ ಸಾಲದೆ ಆ ಡಬ್ಬಿಯನ್ನು ಪುಸ್ತಕದ ಹಾಗೆ ನಿಲ್ಲಿಸಿಬಿಟ್ಟೆ. ಹೊರಗೆ ನಲವತ್ತಮೂರು ಡಿಗ್ರಿ. ಒಂಬತ್ತು ದಿನ ಅದು ಹಾಗೇ ನಿಂತಿತ್ತು. ನನ್ನ ಬುದ್ಧಿಗೆ ಮಂಕು ಬಡಿದಿತ್ತು ಅನ್ನುವುದು ಸುಲಭ. ನಿಜ ಹೇಳಬೇಕೆಂದರೆ ಬೇಗ ಮುಗಿಸಿ ಮನೆಗೆ ಹೋಗುವ ಆತುರ.

ಆಪರೇಷನ್ ಫಲಿಸಲಿಲ್ಲ. ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದಕ್ಕೆ ಬೆಳಕು ಮಾತ್ರ ಗೊತ್ತಾಗುತ್ತಿತ್ತು. ತಂಗಿ ವಿರೂಪಮ್ಮನ ಕೈ ಹಿಡಿದು ಕಾಲೇಜಿಗೆ ಬಂದ ಮೇಡಮ್, ಚಿಪ್ಪು ಇರುವ ಜಾಗದ ಅಂಕಿಗಳನ್ನು ಬಾಯಲ್ಲೇ ಹೇಳಿದರು. ನಾನು ಮೈಕ್ರೋಸ್ಕೋಪಿನ ಅಳತೆಪಟ್ಟಿಯನ್ನು ಆ ಅಂಕಿಗಳಿಗೆ ಹೊಂದಿಸಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

"ಡಬ್ಬಿ ನಿಲ್ಲಿಸಿದ್ದೆರಿ ಮೇಡಮ್," ಅಂದೆ.

ಮೇಡಮ್ ತಡವರಿಸಿ ಡಬ್ಬಿ ಹುಡುಕಿ, ನನ್ನ ಕಡೆಗೆ ಸರಿಸಿದರು. "ಜಾರಿ ಅಂಚಿಗೆ ಹೋಗಿರ್ತೈತಿ. ಹುಡುಕು. ನಿನ್ನ ಕಣ್ಣು ಅದಾವಲ್ಲ."

ಇಪ್ಪತ್ತಾರು ದಿನ ಹುಡುಕಿದೆ. ಅಂಚಿನಲ್ಲಿ ಸಾವಿರಾರು ಕಪ್ಪು ಚೂರುಗಳು ಒಂದರ ಮೇಲೊಂದು ಬಿದ್ದು ರಾಡಿಯಾಗಿದ್ದವು. ಅಂಟು ಒಂದು ಕಡೆ ಗಾಜಿನಾಚೆಗೂ ಸೋರಿತ್ತು. ಅಷ್ಟರಲ್ಲಿ ಅವರು ಕಂಟೋನ್ಮೆಂಟಿನ ಮನೆ ಬಿಟ್ಟು ಕುರುಗೋಡಿನಲ್ಲಿ ತಂಗಿಯ ಮನೆ ಸೇರಿದ್ದರು. ದಿನಾ ಸಂಜೆ ಫೋನು. "ಸಿಕ್ತೇನೋ?" ಆ ದನಿ ಕೇಳಿ ಕೇಳಿ ಊಟ ಸೇರದಾಯಿತು. ಇಪ್ಪತ್ತೇಳನೆಯ ದಿನ ಬಸ್ಸು ಹತ್ತಿ ಕುರುಗೋಡಿಗೆ ಹೋಗಿ, "ಸಿಕ್ತರಿ ಮೇಡಮ್," ಅಂದುಬಿಟ್ಟೆ. ನಾಳೆ ಏನು ಗತಿ ಅಂತ ಯೋಚಿಸಿರಲಿಲ್ಲ. ಅವರ ಮುಖ ಒಮ್ಮೆ ಅರಳಲಿ ಅನ್ನಿಸಿತ್ತು. ಅರಳಿತು ಕೂಡ.

"ಹೇಳು. ಕಂಡದ್ದು ಹೇಳು."

ವಿಭಾಗದ ಗೋಡೆಯ ಮೇಲೆ ಅವರು ಬರೆದ ಚಿತ್ರದ ಜೆರಾಕ್ಸ್ ಅಂಟಿಸಿತ್ತು. ಅದನ್ನೇ ನೆನೆದು ಗಿಳಿಪಾಠ ಒಪ್ಪಿಸಿದೆ. "ಮ್ಯಾಲೆ ಒಂದು ಕೊಂಬು ಐತ್ರಿ. ಕೆಳಗ ಎರಡು, ಎಡಗಡಿ ಉದ್ದ, ಬಲಗಡಿ ಗಿಡ್ಡ. ಬೆನ್ನಿನ ಮ್ಯಾಲೆ ಕಿಂಡಿ."

"ಬಲಗಡಿ ಕೊಂಬು ನೋಡಿದಿ?"

"ನೋಡಿದ್ನೆರಿ. ತುದಿ ಚೂಪ ಐತಿ."

ಅರಳಿದ ಮುಖ ಹಾಗೇ ಬಾಡಿಹೋಯಿತು. "ಬಲಗಡಿ ಕೊಂಬು ಬುಡಕ್ಕ ಮುರಿದಿತ್ತು, ಕೊಟ್ರಪ್ಪ. ಹಿಂಗ ಇದ್ದಿರಬೇಕು ಅಂತ ಚುಕ್ಕಿ ಚುಕ್ಕಿ ಇಟ್ಟು ತೋರ್ಸಿದ್ದೆ. ಜೆರಾಕ್ಸ್‌ನಾಗ ಚುಕ್ಕಿ ಕೂಡಿ ಗೆರಿ ಆಗ್ಯಾವ."

ನಾನು ತಲೆ ತಗ್ಗಿಸಿದೆ. ಅವರಿಗೆ ಅದು ಕಾಣುವಂತಿರಲಿಲ್ಲ.

"ಡಬ್ಬಿ ನಿಲ್ಲಿಸಿದ್ದು ಮರೆವು. ಅದು ಯಾರಿಗರ ಆಗ್ತೈತಿ. ಆದ್ರ ಕಾಣದ್ದನ್ನ ಕಂಡೆ ಅಂದೆಲ್ಲ, ಅದನ್ನ ನಾ ನಿನಗ ಕಲಿಸಿರಲಿಲ್ಲ."

ಆಮೇಲೆ ಕಾಗದ ತೆಗೆಸಿ ನನ್ನ ಕೈಯಿಂದಲೇ ಪತ್ರಿಕೆಗೆ ಬರೆಸಿದರು. ಇಂಗ್ಲಿಷಿನ ಒಂದೊಂದು ಅಕ್ಷರ ಹೇಳಿ ಬರೆಸಿದರು: ಮೂಲ ಚಿಪ್ಪು ಕಳೆದುಹೋಗಿದೆ, ಲೇಖನ ಹಿಂದಕ್ಕೆ ಪಡೆಯುತ್ತಿದ್ದೇನೆ. ಹೊಸ ಜಾತಿಯ ಹೆಸರು ಬರಬೇಕಾದ ಕಡೆ ಅವರು ಹೆಸರು ಹೇಳಲಿಲ್ಲ, ಲೇಖನದ ನಂಬರು ಹೇಳಿದರು.

"ಏನಂತ ಹೆಸರು ಇಟ್ಟಿದ್ರಿ ಮೇಡಮ್?" ಅಂತ ಕೇಳಿದೆ.

"ಇಲ್ಲದ್ದಕ್ಕ ಹೆಸರ್ಯಾಕ?" ಅಂದರು. ವಿರೂಪಮ್ಮ ಕೊಟ್ಟ ಚಹಾ ಕುಡಿಯದೆ ಎದ್ದು ಬಂದೆ.

ಮರುದಿನದಿಂದ ಫೋನು ಬರಲಿಲ್ಲ. ಕಳೆದ ಶ್ರಾವಣದಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ಆ ಸ್ಲೈಡು ಇನ್ನೂ ನನ್ನ ಹತ್ತಿರ ಇದೆ. ಕಾಲೇಜು ಬಿಟ್ಟ ಮೇಲೆ ಒಂದು ಗಂಟೆ ಅಂಚಿನಿಂದ ಅಂಚಿಗೆ ನೋಡುತ್ತೇನೆ, ಬಲಗಡೆಯ ಕೊಂಬು ಮುರಿದ ಒಂದು ಚಿಪ್ಪಿಗಾಗಿ. ಸಿಕ್ಕರೂ ನನ್ನ ಮಾತನ್ನು ಯಾರು ನಂಬಬೇಕು? ನಂಬಬೇಕಾದವರು ಒಬ್ಬರೇ ಇದ್ದರು.