ಸಿಟಿವೆಸ್ಟಿನ ವೀರಬಾಹು

ಬೆಂಗಳೂರಿನ ಸೆಂಗುಂದರ್ ನೇಕಾರರ ಸಂಘದವರು ತಮ್ಮ ಕುಲದ ಗಣ್ಯರ ಪುಸ್ತಕದಲ್ಲಿ ನಮ್ಮ ಪಕ್ಕದ ಮನೆಯ ಕದಿರ್ವೇಲು ಅವರ ಬಗ್ಗೆ ಮೂರೇ ಸಾಲು ಬರೆದಿದ್ದಾರೆ. ಮಗ್ಗದ ಮನೆಯಲ್ಲಿ ಹುಟ್ಟಿದವರು. ಐರ್ಲೆಂಡಿನಲ್ಲಿ ಎಂಜಿನಿಯರ್ ಆದವರು. ಹನ್ನೊಂದು ವರ್ಷ ಸೂರಸಂಹಾರದ ಹಬ್ಬದಲ್ಲಿ ವೀರಬಾಹುವಿನ ವೇಷ ಹಾಕಿದವರು. ನನಗೆ ಸಿಟ್ಟಿರುವುದು ಆ ಮೂರನೆಯ ಸಾಲಿನ ಮೇಲೆ.

ವೀರಬಾಹು ಮುರುಗನ ದೂತ. ಯುದ್ಧಕ್ಕೆ ಮೊದಲು ಸೂರನೆಂಬ ಅಸುರನ ಊರಿಗೆ ಒಬ್ಬನೇ ಹೋಗಿ ಸಂಧಾನದ ಮಾತಾಡುತ್ತಾನೆ. ಹಬ್ಬದಲ್ಲಿ ಅವನು ಪ್ರತಿ ವರ್ಷವೂ ಸುರಕ್ಷಿತವಾಗಿ ವಾಪಸಾಗುತ್ತಾನೆ.

ಈ ಆಗಸ್ಟಿನಲ್ಲಿ, ಐರ್ಲೆಂಡಿನ ಸಿಟಿವೆಸ್ಟಿನಲ್ಲಿ ನಮ್ಮ ಮನೆಯೆದುರಿನ ಟ್ರಾಮ್ ಸ್ಟಾಪಿನಲ್ಲಿ ಐದಾರು ಯುವಕರು ಕೂರತೊಡಗಿದರು. ಮೊದಲು ನಮ್ಮಂಥ ಭಾರತೀಯರನ್ನು ಕಂಡರೆ ಬೈಯುತ್ತಿದ್ದರು. ಆಮೇಲೆ ಉಗಿದರು. ಸೋಮವಾರ ಕದಿರ್ವೇಲು ಅವರ ಹೆಂಡತಿ ಶರ್ಮಿಳಾ ಮೇಲೆ ಬಾಟಲಿ ಎಸೆದರು.

ಮರುದಿನ ಸಂಜೆ ಎಂಟಾದರೂ ಬೆಳಕಿತ್ತು. ಕದಿರ್ವೇಲು ಮೆಟ್ಟಿಲಿಳಿಯುತ್ತಿದ್ದರು.

"ಒಬ್ರೇ ಹೋಗ್ಬೇಡಿ ಅಣ್ಣ. ಪೊಲೀಸ್‌ಗೆ ಫೋನ್ ಮಾಡೋಣ," ಎಂದೆ.

"ಆ ಹುಡುಗರ ಹತ್ರ ಮಾತಾಡಿ ಬರ್ತೀನಿ, ಅಷ್ಟೇ." ಜೇಬಿನಿಂದ ಫೋನು, ಕೀ ತೆಗೆದು ನನ್ನ ಕೈಗಿಟ್ಟರು. "ಬರಿಗೈಲಿ ಬಂದವನನ್ನ ಯಾರೂ ಮುಟ್ಟಲ್ಲ."

"ಅದು ಹಬ್ಬದ ಆಟ ಅಣ್ಣ. ಅಲ್ಲಿ ಅಸುರನ ವೇಷ ಹಾಕ್ತಿದ್ದಿದ್ದು ನಿಮ್ಮ ಸ್ವಂತ ಚಿಕ್ಕಪ್ಪ."

ಅವರು ನಕ್ಕು ಇಳಿದುಹೋದರು.

ನಾನು ಕಿಟಕಿಗೆ ಓಡಿ ಪೊಲೀಸರ ನಂಬರ್ ಒತ್ತಿದೆ. ಸ್ಟಾಪು ಸ್ಪಷ್ಟವಾಗಿ ಕಾಣುತ್ತಿತ್ತು. ಕದಿರ್ವೇಲು ಎರಡೂ ಅಂಗೈ ತೋರಿಸುತ್ತಾ ನಿಂತಿದ್ದರು. ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಅವರ ಸುತ್ತ ಬಂದರು.

ಅವರ್ಯಾರ ಕೈಯೂ ಬರಿದಾಗಿರಲಿಲ್ಲ.