ತಾತನ ತುಪಾಕಿಗೆ ಕಾಗದವಿರಲಿಲ್ಲ

ನಾನು ಹುಟ್ಟಾ ಪುಕ್ಕಲ. ಹೆಲ್ಮೆಟ್ ಹಾಕಿ, ಎಲ್ಲ ಕಾಗದ ಜೇಬಿನಲ್ಲಿಟ್ಟುಕೊಂಡು ಹೋಗುವಾಗಲೂ ಟ್ರಾಫಿಕ್ ಪೊಲೀಸರನ್ನು ಕಂಡರೆ ಗಾಡಿ ಇಳಿದು ತಳ್ಳುವವನು. ಬಂಗಾರಪೇಟೆಯ ಶಾಲೆಯಲ್ಲಿ ಮಕ್ಕಳಿಗೆ ಕಾನೂನು ಪಾಲಿಸಿ ಎಂದು ಪಾಠ ಹೇಳುವ ಮೇಷ್ಟ್ರು ಬೇರೆ. ಇಂಥವನ ಪಾಲಿಗೆ, ಅಪ್ಪ ತೀರಿಕೊಂಡ ಮೇಲೆ, ಅಟ್ಟದ ಮೇಲಿನ ಬಂದೂಕು ಬಂತು. ಅದಕ್ಕೆ ಲೈಸೆನ್ಸಿಲ್ಲ. ಯಾವತ್ತೂ ಇರಲಿಲ್ಲ.

ತಾತ ಚಿನ್ನದ ಗಣಿಯ ಮೈಸೂರು ಮೈನ್ಸಿನಲ್ಲಿ ಕಾವಲುಗಾರ. ಅಲ್ಲಿದ್ದ ಬಿಳಿ ದೊರೆಯೊಬ್ಬ ಇಂಗ್ಲೆಂಡಿಗೆ ವಾಪಸು ಹೋಗುವಾಗ ಕೊಟ್ಟುಹೋದದ್ದಂತೆ. "ದೊರೇನೇ ಕೊಟ್ಟವ್ನೆ, ಇನ್ಯಾರ್‌ನ ಕೇಳ್ಬೇಕು ಲೈಸೆನ್ಸು?" ಎಂಬುದು ತಾತನ ವಾದ. ದೊರೆ ಹೋದ, ಅವನ ರಾಜ್ಯ ಹೋಯಿತು, ಗಣಿಯೂ ಮುಚ್ಚಿತು. ವಾದ ಮಾತ್ರ ನಮ್ಮ ಮನೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಕಾಮಸಮುದ್ರದ ಕಡೆಯ ನಮ್ಮೂರಲ್ಲಿ ನಮ್ಮದು 'ತುಪಾಕಿ ಮನೆ'. ಕನ್ನಡ, ತೆಲುಗು, ತಮಿಳು ಕಲಸಿ ಮಾತಾಡುವ ನಮ್ಮ ಸೀಮೆಯಲ್ಲಿ ಬಂದೂಕನ್ನು ತುಪಾಕಿ ಅಂದರೆ ಯಾರೂ ಅರ್ಥ ಕೇಳುವುದಿಲ್ಲ. ಅಕ್ಕಪಕ್ಕದ ಮನೆಗಳಿಗೆಲ್ಲ ಕಳ್ಳರು ನುಗ್ಗಿದ್ದಾರೆ. ನಮ್ಮ ಕೊಟ್ಟಿಗೆಯಿಂದ ಒಂದು ಹಗ್ಗವೂ ಹೋಗಿಲ್ಲ.

ಬೇತಮಂಗಲದ ನನ್ನ ಷಡ್ಡಕ ಕಾಡುಹಂದಿ ಕಾಟಕ್ಕೆಂದು ಲೈಸೆನ್ಸ್ ಮಾಡಿಸಿಕೊಂಡು ಬಂದೂಕು ಹುಡುಕುತ್ತಿದ್ದ. ಅವನಲ್ಲಿ ಲೈಸೆನ್ಸಿದೆ, ಬಂದೂಕಿಲ್ಲ. ನನ್ನಲ್ಲಿ ಬಂದೂಕಿದೆ, ಲೈಸೆನ್ಸಿಲ್ಲ. ಇಷ್ಟು ಚೆನ್ನಾಗಿ ಕೂಡಿದ ಜಾತಕವನ್ನು ನಾನು ನೋಡಿರಲಿಲ್ಲ. ಕೇಳಲು ಹೋದಾಗ ವಕೀಲರು ಮಾತ್ರ ಆಗದೆಂದು ತಲೆಯಾಡಿಸಿದರು. "ಮೇಷ್ಟ್ರೇ, ಮಾರಿದರೆ ನಿಮ್ಮ ತಪ್ಪು, ಕೊಂಡರೆ ಅವರ ತಪ್ಪು. ಇಟ್ಟುಕೊಂಡಿರೋದಂತೂ ಆಗಲೇ ತಪ್ಪು. ಮೊದಲು ಸ್ಟೇಷನ್‌ಗೆ ಅರ್ಜಿ ಕೊಟ್ಟು ಒಪ್ಪಿಸಿ. ವಾರಸುದಾರ ಅಂತ ಲೈಸೆನ್ಸ್ ಸಿಕ್ಕರೆ ಆಮೇಲೆ ಮಾರೋ ಮಾತು." ನೀವೇ ಹೊತ್ತುಕೊಂಡು ಮಾತ್ರ ಹೋಗಬೇಡಿ, ದಾರಿಯಲ್ಲಿ ಸಿಕ್ಕಿಬಿದ್ದರೆ ಯಾರೂ ನಂಬುವುದಿಲ್ಲ ಎಂದೂ ಸೇರಿಸಿದರು. ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ಕೆಲಸ ಹೋದಂತೆ, ನನ್ನ ವಿದ್ಯಾರ್ಥಿಗಳೇ ಜೈಲಿಗೆ ಬಂದು ನಮಸ್ಕಾರ ಸಾರ್ ಅಂದಂತೆ ಕಾಣುತ್ತಿತ್ತು.

ಅಮ್ಮ ಬೇರೆ ಕಾರಣಕ್ಕೆ ಊಟ ಬಿಟ್ಟಳು. "ತುಪಾಕಿ ಓದ್ರೆ ಈ ಮನೇಗೆ ಏನೈತ್ಲಾ ಬೆಲೆ? ನಾಳೆಯಿಂದ ಅಸ ಕಟ್ಟಾಕೂ ಎದ್ರಬೇಕು." ಹೆಂಡತಿಯೊಬ್ಬಳೇ ನಿಶ್ಚಿಂತೆಯಾಗಿ ಎರಡು ಮುದ್ದೆ ಉಣ್ಣುತ್ತಿದ್ದಳು. ನನಗೆ ಸಿಟ್ಟೇ ಬಂತು.

ಅರ್ಜಿ ಕೊಟ್ಟೆ. ಪೇದೆ ಮನೆಗೆ ಬಂದ. ನಾನು ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ: ಅಟ್ಟದ ಮೇಲೆ ಬಚ್ಚಿಟ್ಟಿದ್ದರು, ಯಾರಿಗೂ ತಿಳಿಯದು.

"ಬಚ್ಚಿಟ್ಟಿದ್ರಾ?" ಪೇದೆ ನಕ್ಕ. "ಆಯುಧಪೂಜೇಲಿ ಟ್ರಾಕ್ಟರ್ ಪಕ್ಕ ಜಗಲಿ ಮ್ಯಾಲೆ ಇಟ್ಟು ಊವ ಮುಡಿಸ್ತೀರಿ. ನಾನೇ ಮೂರ್ ವರ್ಸ ಪುರಿ ಕಡ್ಲೆ ತಿಂದೀನಿ. ಪೂಜೆ ಸಾಮಾನು ಅಂದ್ಕಂಡಿದ್ದೆ ಮೇಷ್ಟ್ರೇ!"

ನಿಜವೇ. ವರ್ಷವಿಡೀ ಗೋಣಿತಾಟಿನಲ್ಲಿ ಸುತ್ತಿ ಬಚ್ಚಿಡುವುದು, ಒಂದು ದಿನ ಕುಂಕುಮ ಬಳಿದು ಊರೆದುರು ಕೂರಿಸುವುದು. ದೇವರ ದಿನ ಲೆಕ್ಕಕ್ಕಿಲ್ಲ ಎಂದು ಮೂರು ತಲೆಮಾರು ನಂಬಿದ್ದೆವು.

ಬಂದೂಕು ಜೀಪಿನಲ್ಲಿ ಹೋಯಿತು. ಕೆಲವು ವಾರಗಳ ಮೇಲೆ ಸ್ಟೇಷನ್‌ಗೆ ಕರೆಸಿದರು. ಪರೀಕ್ಷೆ ಮಾಡಿದವರು ನಳಿಕೆಯಿಂದ ಗಟ್ಟಿಯಾದ ಕುಂಕುಮ ಕೆತ್ತಿ ತೆಗೆದರಂತೆ. ಒಳಗೆ ಗುಂಡು ಸಿಡಿಸುವ ಕುದುರೆಯ ಸ್ಪ್ರಿಂಗೇ ಇಲ್ಲ. ದೊರೆ ಕೊಡುವಾಗಲೇ ಕೆಟ್ಟದ್ದನ್ನು ಕೊಟ್ಟಿದ್ದ! ಕೇಸಿಲ್ಲ, ಬಂದೂಕು ಅಲ್ಲೇ ಇರುತ್ತದೆ, ಮಾರಾಟದ ಮಾತು ಮರೆತುಬಿಡಿ ಎಂದರು. ಷಡ್ಡಕನಿಗೆ ಬೇಜಾರಾಯಿತು. ನನಗೆ ಹಾರಾಡುವಷ್ಟು ಖುಷಿ. ಮನೆ ಬಾಗಿಲಿಂದಲೇ ಕೂಗಿದೆ: "ಅಮ್ಮಾ, ನಮ್ಮ ತುಪಾಕೀಲಿ ಗುಂಡೇ ಹಾರಲ್ವಂತೆ!"

ಅಮ್ಮ ಓಡಿಬಂದು ನನ್ನ ಬಾಯಿ ಮುಚ್ಚಿದಳು. "ಮೆಲ್ಗೆ ಒದ್ರಲಾ! ನಾನೀ ಮನೇಗೆ ಬಂದ ವರ್ಸವೇ ನಮ್ಮತ್ತೆ ಈ ಗುಟ್ಟ ಏಳಿದ್ರು. ನಿಮ್ಮಪ್ಪಂಗೂ ಏಳ್ಲಿಲ್ಲ ನಾನು. ಗೊತ್ತಾಗಿದ್ರೆ ಅಂಗೆ ಎದೆ ಎತ್ಕಂಡು ಓಡಾಡ್ತಿದ್ನಾ?"

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಮುದ್ದೆ ತೊಳಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ನಿನಗೂ ಗೊತ್ತಿತ್ತಾ?"

"ನಿಮ್ಗೆ ಏಳ್ಬಾರ್ದು ಅಂತ ಅತ್ತೆ ಆಣೆ ಇಡ್ಸವ್ರೆ."

ಊರಲ್ಲೀಗ ಬೇರೆಯೇ ಸುದ್ದಿ: ಅದೆಂಥ ಭಾರೀ ತುಪಾಕಿ ಅಂದರೆ ಸರ್ಕಾರವೇ ಹೆದರಿ ಎತ್ತಿಕೊಂಡು ಹೋಯಿತಂತೆ. ನಾನು ಇಲ್ಲ ಅನ್ನುವುದಿಲ್ಲ, ಹೌದೂ ಅನ್ನುವುದಿಲ್ಲ. ಆಣೆ ಈಗ ನನ್ನ ಮೇಲೂ ಇದೆ. ನಮ್ಮ ವಂಶದಲ್ಲಿ ಈ ಆಣೆ ಇಟ್ಟ ಮೊದಲ ಗಂಡಸು ನಾನೇ.