ಏವ್ರಿಲ್ ಕೈಯಲ್ಲಿದ್ದ ಲಂಗರು

ಲಂಗರು ಆರಿಸಲು ಕ್ಲಿಫರ್ಡ್ ಬ್ರಾಮ್ಲಿ ಒಂದಿಡೀ ಚಳಿಗಾಲ ತೆಗೆದುಕೊಂಡಿದ್ದ. ಕಾಲುವೆಯ ದೋಣಿಯವರಿಗೆ ಅದರ ಗೊಡವೆ ಇರುವುದಿಲ್ಲ. ದಡದಲ್ಲಿ ಗೂಟ ಹೊಡೆದು ಹಗ್ಗ ಕಟ್ಟಿದರೆ ಮುಗಿಯಿತು. ಆದರೆ ಟ್ರೆಂಟ್ ನದಿಯಲ್ಲಿ ಕ್ರಾಮ್‌ವೆಲ್ ಲಾಕಿನ, ಅಂದರೆ ದೋಣಿಗಳನ್ನು ಕೆಳಗಿನ ನೀರಿಗೆ ಇಳಿಸುವ ಕಟ್ಟೆಯ, ಬಾಗಿಲು ದಾಟಿದ ಮೇಲೆ ನೀರು ಸಮುದ್ರದ ಉಬ್ಬರವಿಳಿತದ ಮಾತು ಕೇಳುತ್ತದೆ. ಅಲ್ಲಿ ಎಂಜಿನ್ ಕೈಕೊಟ್ಟರೆ ನಮ್ಮ ಉದ್ದನೆಯ, ಕಿರಿದಾದ, ಚಪ್ಪಟೆ ತಳದ ದೋಣಿಗಳಿಗೆ ಲಂಗರೊಂದೇ ಗತಿ.

ನಾನು ಕೊಂಡಿದ್ದ ಮಡಚುವ ಲಂಗರನ್ನು ನೋಡಿ ಅವನು ನಕ್ಕಿದ್ದ. "ಇದು ಲಂಗರಲ್ಲ ಮಾರಾಯ, ಬಾಗಿಲು ಬಡ್ಕೊಳ್ಳದ ಹಾಗೆ ಇಡೋ ಕಲ್ಲು!" ಅವನದು ಎರಡು ಅಗಲವಾದ ಚಪ್ಪಟೆ ಕಬ್ಬಿಣದ ಹಲಗೆಗಳಿದ್ದ, ಒಬ್ಬನೇ ಎತ್ತಲು ಉಸಿರು ಕಟ್ಟುವಷ್ಟು ಭಾರದ ಲಂಗರು. ಅದಕ್ಕೆ ಮೊದಲು ದಪ್ಪ ಸರಪಳಿ, ಆಮೇಲೆ ಹಗ್ಗ. ಸರಪಳಿ ತನ್ನ ತೂಕದಿಂದ ನದಿಯ ತಳದಲ್ಲೇ ಮಲಗುವುದರಿಂದ ಎಳೆತ ಅಡ್ಡಕ್ಕೆ ಬೀಳುತ್ತದೆ, ಹಲಗೆ ಮಣ್ಣಿಗೆ ಇಳಿಯುತ್ತದೆ. ನೇರ ಮೇಲಕ್ಕೆ ಎಳೆದರೆ ಎಂಥ ಲಂಗರೂ ಕಿತ್ತು ಬರುತ್ತದೆ. ಕ್ಲಿಫರ್ಡ್ ಶಾಲೆಯ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತನಾದವನು. ಎಲ್ಲವನ್ನೂ ಪರೀಕ್ಷಿಸಿ ನೋಡಿಯೇ ನಂಬುವವನು.

ಲಂಗರು ಬಿಡುವ ಕೆಲಸ ಮಾತ್ರ ಹೆಂಡತಿ ಏವ್ರಿಲ್‌ಳದು. ಅವನು ಹಿಂಭಾಗದಲ್ಲಿ ಚುಕ್ಕಾಣಿ ಹಿಡಿದು ಎಂಜಿನ್ ಮೇಲೆ ನಿಂತಿರುತ್ತಿದ್ದ, ಅವಳು ಅಷ್ಟು ದೂರ, ದೋಣಿಯ ಮುಂತುದಿಯ ಮೂತಿಯಲ್ಲಿ ಕೂತಿರುತ್ತಿದ್ದಳು. ಕೂಗಿದರೆ ಕೇಳಿಸದು. ಅವನು ಬಲಗೈಯನ್ನು ನೆಟ್ಟಗೆ ಎತ್ತಿದರೆ ಅವಳು ಬಿಡಬೇಕು. ಎಸೆಯುವಂತಿಲ್ಲ, ಇಳಿಸಬೇಕು. ಅವಳ ಕೈಯಲ್ಲಿ ಸರಪಳಿ ಒಂದು ದಿನವೂ ಸಿಕ್ಕಾಗಲಿಲ್ಲ.

ಕಳೆದ ವರ್ಷ ಅವಳಿಗೆ ಮರೆವಿನ ಕಾಯಿಲೆ ಶುರುವಾಯಿತು. ಮಗಳು ಜಿಲಿಯನ್ ನ್ಯೂವಾರ್ಕ್‌ನಲ್ಲಿ ಇಂಥವರನ್ನು ನೋಡಿಕೊಳ್ಳುವ ಮನೆಯೊಂದನ್ನು ಹುಡುಕಿದಳು. ದೋಣಿಯ ಮೇಲೆ ಅಮ್ಮ ಇನ್ನು ಇರುವಂತಿಲ್ಲ ಎಂದಳು. ಅಂದು ನಾನೂ ಅಲ್ಲಿದ್ದೆ.

"ಲಂಗರು ಇನ್ನೂ ಅವಳ ಕೈಲೇ ಇದೆ," ಎಂದ ಕ್ಲಿಫರ್ಡ್. "ನಾನು ಕೈ ಎತ್ತಿದ ತಕ್ಷಣ ಬಿಡ್ತಾಳೆ. ಅದನ್ನ ಮರೆತ ದಿನ ನೀನು ಹೇಳಿದ ಹಾಗೆ ಕೇಳ್ತೀನಿ, ಸರೀನಾ?"

ಈ ವಸಂತದಲ್ಲಿ, ನದಿಯ ಕೆಳಹರಿವಿನಲ್ಲಿರುವ ಟಾರ್ಕ್ಸಿ ಊರಿಗೆ ಹೊರಟೆವು. ಉಬ್ಬರವಿಳಿತದ ನೀರಿನಲ್ಲಿ ನಮ್ಮವರು ಒಂಟಿಯಾಗಿ ಹೋಗುವುದಿಲ್ಲ. ಅವರ ಹಿಂದೆ ನನ್ನ ದೋಣಿ. ಹೊರಡುವ ಮುಂಚೆ ನಾನು ಮೆಲ್ಲಗೆ ಹೇಳಿದೆ. "ಲಂಗರನ್ನ ನಿನ್ನ ಪಕ್ಕಾನೇ ಇಟ್ಕೋ ಕ್ಲಿಫ್. ಹಗ್ಗಾನ ಹೊರಗಡೆಯಿಂದ ಮೂತಿಗೆ ಕಟ್ಟು. ಒಬ್ಬರೇ ಓಡಿಸೋರು ಹಾಗೇ ಮಾಡ್ತಾರೆ."

"ನಾನು ಒಬ್ಬನೇ ಇಲ್ವಲ್ಲ," ಎಂದ.

ಲಾಕ್ ನೋಡಿಕೊಳ್ಳುವ ಬ್ರೆಂಡಾ ಮೇಲಿನಿಂದ ಬಗ್ಗಿ ಕೇಳಿದಳು. "ಏನಮ್ಮಾ ಏವ್ರಿಲ್, ಲಂಗರು ರೆಡೀನಾ?"

"ಅದು ನನಗಿಂತ ಮೊದ್ಲೇ ಎದ್ದು ಕೂತಿದೆ ಕಣೇ!"

ಕ್ಲಿಫರ್ಡ್ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ನೋಡಿದೆಯಾ, ಎನ್ನುವಂತೆ.

ನೀರು ಇಳಿಯುತ್ತಿತ್ತು. ದೊಡ್ಡ ತಿರುವಿನ ಹತ್ತಿರ ಅವರ ಎಂಜಿನ್ ಒಮ್ಮೆ ಗೊರಗುಟ್ಟಿ ನಿಂತಿತು. ತೇಲಿಬಂದ ಹಗ್ಗವೊಂದು ನೀರಿನಡಿಯ ಫ್ಯಾನಿಗೆ ಸುತ್ತಿಕೊಂಡಿತ್ತು. ಮುಂದೆ, ತಿರುವಿನ ಒಳಬದಿಯಲ್ಲಿ, ಮರಳ ದಿಣ್ಣೆ ಆಗಲೇ ಬೆನ್ನು ತೋರಿಸುತ್ತಿತ್ತು. ನೀರಿಳಿಯುವಾಗ ಅದರ ಇಳಿಜಾರಿಗೆ ಅಡ್ಡ ಕೂತ ದೋಣಿ ವಾಲುತ್ತದೆ. ಮತ್ತೆ ಉಬ್ಬರ ಬಂದಾಗ ಅದು ಮೇಲೇಳುವ ಮುಂಚೆಯೇ ನೀರು ಒಳಗೆ ನುಗ್ಗುತ್ತದೆ.

ಕ್ಲಿಫರ್ಡ್ ಬಲಗೈ ಎತ್ತಿದ.

ಮೂತಿಯಲ್ಲಿ ಕೂತಿದ್ದ ಏವ್ರಿಲ್ ತಿರುಗಿ ನೋಡಿದಳು. ಅವಳ ಮುಖ ಅರಳಿತು. ತಾನೂ ಕೈ ಎತ್ತಿ ಬೀಸಿದಳು.

ಅವನು ಕೈ ಇಳಿಸಲಿಲ್ಲ. ಅವಳು ಬೀಸುವುದನ್ನು ನಿಲ್ಲಿಸಲಿಲ್ಲ. ನಾನು ವೇಗ ಹೆಚ್ಚಿಸಿದೆ, ಆದರೆ ನಡುವೆ ತುಂಬ ದೂರವಿತ್ತು. ಕೊನೆಗೆ ಅವನು ಚುಕ್ಕಾಣಿ ಬಿಟ್ಟು, ದೋಣಿಯ ಪಕ್ಕದ ಅಂಗೈ ಅಗಲದ ಅಂಚಿನ ಮೇಲೆ, ಛಾವಣಿಯ ಕಂಬಿ ಹಿಡಿದು, ಸೊಂಟ ನೋವಿನ ಆ ದೇಹವನ್ನು ಎಳೆದುಕೊಂಡು ಮುಂದಕ್ಕೆ ಹೋದ. ಒಮ್ಮೆ ಕಾಲು ಜಾರಿ ಮೊಣಕಾಲು ಕಬ್ಬಿಣಕ್ಕೆ ಬಡಿಯಿತು. ಅವನ ಕೈಯಿಂದಲೇ ಲಂಗರು ಇಳಿಯಿತು, ಸರಪಳಿ ಓಡಿತು, ಹಗ್ಗ ಬಿಗಿಯಿತು. ದೋಣಿ ನಿಧಾನವಾಗಿ ಸುತ್ತಿ ಪ್ರವಾಹಕ್ಕೆ ಮುಖ ಮಾಡಿ ನಿಂತಿತು. ದಿಣ್ಣೆ ಈಗ ಅದರ ಹಿಂದೆಯೇ ಇತ್ತು, ತಾಗಲಿಲ್ಲ.

ನಾನು ಪಕ್ಕಕ್ಕೆ ಬಂದು ಕಟ್ಟಿಕೊಂಡಾಗ ಏವ್ರಿಲ್ ಗಂಡನ ಪ್ಯಾಂಟಿನ ರಕ್ತವನ್ನು ತನ್ನ ಸ್ಕಾರ್ಫಿನಿಂದ ಒರೆಸುತ್ತಿದ್ದಳು.

"ಹೇಗೆ ಹಿಡೀತು ನೋಡಿದ್ಯಾ? ನಾನು ಹಾಕಿದ ಲಂಗರು ಯಾವತ್ತಾದ್ರೂ ಜಾರಿದ್ಯಾ?"

"ಇಲ್ಲ ಕಣೇ," ಎಂದ ಅವನು. "ಯಾವತ್ತೂ ಇಲ್ಲ."

ಫ್ಯಾನಿಗೆ ಸುತ್ತಿದ್ದ ಹಗ್ಗ ಕತ್ತರಿಸಿ, ಲಂಗರು ಎತ್ತಿ, ಟಾರ್ಕ್ಸಿ ಸೇರಿದೆವು. ಅಲ್ಲಿ ದೋಣಿ ಕಟ್ಟಿದ ಮೇಲೆ ಅವನು ನನ್ನ ಬಳಿ ಬಂದು, "ಜಿಲಿಯನ್‌ಗೆ ನೀನೇ ಒಂದು ಫೋನ್ ಮಾಡ್ತೀಯಾ? ಆ ಮನೇಲಿ ಇನ್ನೂ ಜಾಗ ಇದೆಯಾ ಕೇಳು," ಎಂದ.

"ಸ್ವಲ್ಪ ತಡಿ ಕ್ಲಿಫ್. ಲಂಗರನ್ನ ಹಿಂದಕ್ಕೆ ತಂದಿಟ್ಕೊಂಡ್ರೆ ಇನ್ನೊಂದಷ್ಟು ದಿನ..."

"ಲಂಗರಿನ ಮಾತಲ್ಲ ಇದು. ಅವಳ ಮುಖ ನೀನು ನೋಡ್ಲಿಲ್ಲ, ಹತ್ರದಿಂದ. ನಾನು ಕೈ ಎತ್ತಿದ್ದಕ್ಕೆ ಎಷ್ಟು ಸಂತೋಷಪಟ್ಟಳು ಗೊತ್ತಾ? ದಾರೀಲಿ ಹೋಗೋ ಯಾರೋ ಗುರುತು ಹಿಡಿದು ಮಾತಾಡಿಸಿದ್ರು ಅನ್ನೋ ಹಾಗೆ." ಜೇಬಿನಿಂದ ತನ್ನ ಫೋನ್ ತೆಗೆದು ನನ್ನ ಕೈಗಿಟ್ಟ. "ಮಾಡು. ನನ್ನ ಬಾಯಲ್ಲಿ ಬರಲ್ಲ."

ಫೋನ್ ಮಾಡಿದೆ. ಜಾಗ ಇತ್ತು.